ಪರನೆಲದ ಹಾಡು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಜನಪ್ರಿಯ ಸಂಗೀತದ ಮೇಲೂ ಕಾವ್ಯದ ಮೇಲೂ ಬೈಬಲ್ಲಿನ ಪ್ರಭಾವ ಎಷ್ಟೆಂದು ಹೇಳಹೊರಟರೆ ಈ ರಾತ್ರಿ ಸಾಲದು. ಆದುದರಿಂದ ಮುಖ್ಯವಾಗಿ ಒಂದು ಹಾಡಿನ ಕಥೆಯನ್ನಷ್ಟೇ ತಮ್ಮ ಮುಂದಿಡುತ್ತೇವೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಅದು ಹತ್ತಿರದ ಕಥೆ.

ಬೈಬಲ್ಲಿನಲ್ಲಿ 150 ಭಕ್ತಿಗೀತೆಗಳ ಒಂದು ಭಾಗವಿದೆ. ಕನ್ನಡ ಬೈಬಲ್ಲಿನಲ್ಲಿ ಅದರ ಹೆಸರು, ದಾಸರಿಂದ ನಮಗೆ ಚಿರಪರಿಚಿತವಾದ 'ಕೀರ್ತನೆಗಳು' ಎಂಬುದೇ. ಅದರಲ್ಲಿ 137ನೆಯದು ಸೆರೆಯವರ ಅಳಲು. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬಿಲೋನಿನ ದೊರೆ ಜೆರುಸಲೇಮನ್ನು ಕೆಡವಿ ಯೆಹೂದ್ಯರನ್ನು ಸೆರೆಯೊಯ್ದನು. ಸೆರೆಹಿಡಿದವರು ತಮ್ಮ ವಿನೋದಕ್ಕೆಂದು ಊರ ಹಾಡನ್ನು ಕೇಳಿದಾಗ, ಆ ಜನ ವಾದ್ಯಗಳನ್ನು ಮರಕ್ಕೆ ತೂಗುಹಾಕಿ ಮರುಗಿದರು; ಹಾಡಲು ಬಾಯಿ ಬರಲಿಲ್ಲ. ಸೋಜಿಗವೆಂದರೆ, ಹಾಡಲಾರೆವೆಂಬ ಆ ಮಾತೇ ಹಾಡಾಗಿ ಎರಡೂವರೆ ಸಾವಿರ ವರ್ಷ ಬಾಳಿದೆ.

ಇಟಲಿಯ ವರ್ದಿ 1842ರಲ್ಲಿ ಮಿಲಾನಿನಲ್ಲಿ ಆಡಿಸಿದ 'ನಬುಕ್ಕೊ' ಗೀತನಾಟಕದ ಪ್ರಸಿದ್ಧ ಸಮೂಹಗಾನ ಈ ಸೆರೆಯವರದೇ. ಅಮೆರಿಕದಲ್ಲಿ ಆಫ್ರಿಕ ಮೂಲದ ಗುಲಾಮರು ಒಡೆಯರ ಗ್ರಂಥದಲ್ಲಿಯೇ ತಮ್ಮ ಬಿಡುಗಡೆಯನ್ನು ಕಂಡರು. ಈಜಿಪ್ಟಿನಿಂದ ತನ್ನ ಜನರನ್ನು ಬಿಡಿಸಿದ ಮೋಶೆ ಅವರ ಹಾಡಿನ ನಾಯಕನಾದನು. 1871ರಲ್ಲಿ ಫಿಸ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ವಿದ್ಯಾಲಯಕ್ಕೆ ಹಣ ಕೂಡಿಸಲು ಅಂಥ ಹಾಡುಗಳನ್ನು ಊರೂರಿಗೆ ಒಯ್ದರು.

ಜಮೈಕಾ ದ್ವೀಪದ ರಾಸ್ತಫಾರಿ ಪಂಥದವರು ತಮ್ಮನ್ನು ತುಳಿಯುವ ವ್ಯವಸ್ಥೆಯನ್ನೇ ಬಾಬಿಲೋನ್ ಎಂದು ಕರೆದರು. ಅಲ್ಲಿಯ ಮೆಲೋಡಿಯನ್ಸ್ ತಂಡ 1970ರಲ್ಲಿ ಈ ಕೀರ್ತನೆಯನ್ನು 'ರಿವರ್ಸ್ ಆಫ್ ಬ್ಯಾಬಿಲಾನ್' ಎಂದು ಹಾಡಿತು. 1978ರಲ್ಲಿ ಬೋನಿ ಎಂ. ತಂಡ ಹಾಡಿದಾಗ ಬ್ರಿಟನ್ನಿನಲ್ಲಿ ಅದಕ್ಕೆ ಮೊದಲ ಸ್ಥಾನ ದೊರೆಯಿತು. ಒಂದು ವಿಷಯ ಗಮನಾರ್ಹ. ಮೂಲ ಕೀರ್ತನೆ ಮುಗಿಯುವುದು ಘೋರವಾದ ಸೇಡಿನ ಮಾತಿನಿಂದ. ಜಮೈಕಾದವರು ಅದನ್ನು ಕೈಬಿಟ್ಟು, 19ನೆಯ ಕೀರ್ತನೆಯ ಕೊನೆಯ ಪ್ರಾರ್ಥನೆಯನ್ನು ತಂದು ಸೇರಿಸಿದರು. ಅಳಲನ್ನು ಉಳಿಸಿಕೊಂಡರು, ಸೇಡನ್ನು ಬಿಟ್ಟರು.

ನಮ್ಮಲ್ಲಿಯೂ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು 'ಗೊಲ್ಗೊಥಾ' ಎಂಬ ಕಾವ್ಯದಲ್ಲಿ ಹಾಡಿದರು. ಆ ಮಂಜೇಶ್ವರ 1956ರಲ್ಲಿ ಕೇರಳಕ್ಕೆ ಸೇರಿತು. ಕವಿ ಮನೆಯಿಂದ ಕದಲದೆಯೇ ಹೊರನಾಡ ಕನ್ನಡಿಗರಾದರು!

ನಾವು ಸೆರೆಯವರಲ್ಲ, ಅನ್ನವನ್ನರಸಿ ನಾವಾಗಿಯೇ ಬಂದವರು. ಈ ನೆಲ ನಮಗೆ ಅನ್ನವನ್ನೂ ನೆರೆಹೊರೆಯನ್ನೂ ಕೊಟ್ಟಿದೆ. ಆದರೂ ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಅಕ್ಷರ ಬಾರದು. ಹಾಡು ಅಕ್ಷರಕ್ಕಾಗಿ ಕಾಯುವುದಿಲ್ಲ. ಅದು ತೊಟ್ಟಿಲ ಬಳಿಯೂ ಅಡಿಗೆಯ ಮನೆಯಲ್ಲಿಯೂ ದಿನವೂ ಕೇಳಿಸಬೇಕು. ನವೆಂಬರ್ 1ರ ವೇದಿಕೆಯೊಂದೇ ಸಾಲದು. ನಾಳೆ ನಮ್ಮ ಮಕ್ಕಳು ಅದೇ ಹಾಡಿಗೆ ತಮ್ಮದೊಂದು ಧಾಟಿಯನ್ನು ಹಾಕಿದರೆ ನಾವು ಮುಖ ಸಿಂಡರಿಸುವುದು ಬೇಡ. ವರ್ದಿಯ ಧಾಟಿ ಬೇರೆ, ಜಮೈಕಾದ ಧಾಟಿ ಬೇರೆ. ಅಳಲು ಒಂದೇ ಆಗಿ ಉಳಿಯಿತಲ್ಲವೆ?