ರೈಲು ಬಸ್ಸಿನ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಊರಿನ ಸಾರಿಗೆ ಬಗ್ಗೆ ಎರಡು ಮಾತಾಡಿ ಅಂತ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಅಷ್ಟೆ. ಆದರೂ ಶಿವಮೊಗ್ಗ–ತಾಳಗುಪ್ಪದ ರೈಲು ಬಸ್ಸು ಹತ್ತಿಳಿದು ದೊಡ್ಡವರಾದವರು, ಅಷ್ಟರಮಟ್ಟಿಗೆ ಹೇಳಬಲ್ಲೆವು.

ಆಗ ಮೀಟರ್ ಗೇಜ್ ಹಳಿ. ಒಂದೇ ಡಬ್ಬಿ, ನೋಡಿದರೆ ಬಸ್ಸೇ. ಟೈರಿನ ಜಾಗದಲ್ಲಿ ಕಬ್ಬಿಣದ ಗಾಲಿ. ಎಳೆಯೋಕೆ ಬೇರೆ ಇಂಜಿನ್ನಿಲ್ಲ, ಡೀಸೆಲ್ ಇಂಜಿನ್ ಅದರಲ್ಲೇ. ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು. (ಅರಸಾಳು ಅಂದರೆ ಶಂಕರ್ ನಾಗ್ ಅವರು 'ಮಾಲ್ಗುಡಿ ಡೇಸ್' ತೆಗೆದ ಸ್ಟೇಷನ್, ಹುಡುಗರಿಗೆ ಗೊತ್ತಿರಲಿ.) ಅದನ್ನು ನೋಡಿ ನಕ್ಕವರೂ ಇದ್ದರು.

ಆದರೆ ಲೆಕ್ಕ ನೋಡಿ. ಮೀಟರ್ ಗೇಜಿನ ಡೀಸೆಲ್ ಇಂಜಿನ್ ಒಂದೇ 70 ಟನ್ನಿನ ಮೇಲೆ ತೂಗುತ್ತಿತ್ತು. ಅರವತ್ತು ಜನರನ್ನು ಒಯ್ಯಲು ಅಷ್ಟು ತೂಕ ಎಳೆದಾಡಿದರೆ, ಒಂದು ಮೂಟೆ ಅಡಿಕೆಗೆ ಲಾರಿ ಮಾಡಿದ ಹಾಗೆ. ನಷ್ಟ ಬಂತು ಅಂತ ಲೈನೇ ಮುಚ್ಚುವ ಮಾತು ಬರುವುದು ಇಂಥ ಕಡೆಯೇ. ಸಣ್ಣ ಗಾಡಿಗೆ ಡೀಸೆಲ್ ಕಡಿಮೆ, ಸಿಬ್ಬಂದಿ ಕಡಿಮೆ.

ದೋಷವೂ ಇತ್ತು ಅನ್ನಿ. ಸಂತೆ ದಿನ ಕಾಲಿಡಲು ಜಾಗವಿಲ್ಲ, ಮೂಟೆ ಹಾಕೋದಂತೂ ದೂರದ ಮಾತು. ಇರುವ ಒಂದು ಕೆಟ್ಟರೆ ಆ ದಿನದ ಪ್ರಯಾಣ ಮುಗೀತು.

ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿ 2011ರಲ್ಲಿ ತಾಳಗುಪ್ಪದ ತನಕ ದೊಡ್ಡ ರೈಲು ಬಂತು. ಬೆಂಗಳೂರು, ಮೈಸೂರಿಗೆ ನೇರ ಹೋಗಬಹುದು, ಬಹಳ ಸಂತೋಷ. ಆದರೆ ಆನಂದಪುರದಿಂದ ಸಾಗರದ ಕಾಲೇಜಿಗೆ ಹೋಗುವ ಹುಡುಗಿಗೆ ಬೆಂಗಳೂರಿನ ವೇಳೆಪಟ್ಟಿ ಕಟ್ಟಿಕೊಂಡು ಏನಾಗಬೇಕು? ಅವಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು, ಊರೂರಿಗೆ ನಿಲ್ಲುವ ಗಾಡಿ ಬೇಕು.

ಬಂಗಾರಪೇಟೆ–ಕೋಲಾರದ ನಡುವೆಯೂ ರೈಲು ಬಸ್ಸು ಓಡಿತ್ತು. 2013ರಲ್ಲಿ ಕೋಲಾರ–ಚಿಕ್ಕಬಳ್ಳಾಪುರ ಬ್ರಾಡ್ ಗೇಜ್ ಆದಮೇಲೆ ಆ ಕಡೆ ಡೆಮು ಗಾಡಿ ಓಡಿತು. ಡೆಮು ಡೀಸೆಲ್ಲಿನದು, ಮೆಮು ಕರೆಂಟಿನದು. ಎರಡಕ್ಕೂ ಎರಡು ತುದಿಯಲ್ಲಿ ಚಾಲಕರ ಕೋಣೆ. ಇಂಜಿನ್ ಕಳಚಿ ಆಚೆ ತುದಿಗೆ ಜೋಡಿಸುವ ರಗಳೆ ಇಲ್ಲ, ಬಂದ ದಾರಿಯಲ್ಲೇ ಕೂಡಲೇ ಹಿಂದಿರುಗಬಹುದು. ನಮ್ಮ ಲೈನಿಗೂ ಅಂಥದ್ದನ್ನೇ ಕೇಳೋಣ.

ಬರೀ ಮನವಿ ಬರೆದರೆ ಸಾಲದು ಬಂಧುಗಳೇ. ಯಾವ ಊರಿಂದ, ಎಷ್ಟು ಹೊತ್ತಿಗೆ, ಎಷ್ಟು ಜನ ಅಂತ ಅಂಕಿ ಕೊಡಬೇಕು. ಅದಕ್ಕೊಂದು ಪುಸ್ತಕ ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟಿದ್ದೇವೆ. ಊಟಕ್ಕೆ ಏಳುವ ಮುಂಚೆ ಮನೆಗೊಬ್ಬರು ಬರೆಸಿ ಹೋಗಿ.