ಎರಡು ನಾಡಿನ ಒಂದು ಮರ
(ಕ್ರಿಸ್ತಜಯಂತಿಯ ಪ್ರಬೋಧನೆ)



ಕ್ರಿಸ್ತಜಯಂತಿಯ ಜಾಗರಣೆಯ ಬಲಿಪೂಜೆಯಲ್ಲಿ ಸಂತ ಮತ್ತಾಯನು ಬರೆದ ಯೇಸುಸ್ವಾಮಿಯ ವಂಶಾವಳಿಯನ್ನು ಕೇಳುತ್ತೇವೆ. ಹೆಸರುಗಳ ಸಾಲು ಉದ್ದವಾದಂತೆ ನಮ್ಮ ಕಣ್ಣು ಗೋದಲಿಯ ಪಕ್ಕದ ಕ್ರಿಸ್ಮಸ್ ಮರದ ಕಡೆಗೆ ಹೊರಳುತ್ತದೆ. ಇಂದು ಆ ಮರದಿಂದಲೇ ವಂಶಾವಳಿಗೆ ಬರೋಣ.

ನಾವು ಗಾಳಿಮರದ ಕೊಂಬೆಯನ್ನೋ ಕುಂಡದ ಅರಾಕೇರಿಯಾವನ್ನೋ ಸಿಂಗರಿಸುತ್ತೇವೆ. ಯುರೋಪಿನಲ್ಲಿ ಫರ್ ಮರವನ್ನು ನಿಲ್ಲಿಸುವ ವಾಡಿಕೆಯಿದೆ. ಫರ್‌ನಲ್ಲಿ ಹಲವು ಜಾತಿಗಳು. ಪಿನ್ಸಾಪೊ ಎಂಬುದು ದಕ್ಷಿಣ ಸ್ಪೇನಿನ ಬೆಟ್ಟಗಳದ್ದು. ಇನ್ನೊಂದು ಗ್ರೀಸ್ ದೇಶದ್ದು, ಅಲ್ಲಿನ ಸೆಫಲೋನಿಯಾ ದ್ವೀಪದ ಹೆಸರನ್ನೇ ಹೊತ್ತದ್ದು. ನಡುವೆ ಸಮುದ್ರ, ತಾವಾಗಿ ಅವು ಕೂಡುವಂತಿರಲಿಲ್ಲ.

1867ರಲ್ಲಿ ಪ್ಯಾರಿಸ್ ಬಳಿಯ ವೆರಿಯೇರ್ ಎಂಬ ಊರಿನಲ್ಲಿ ವಿಲ್ಮೊರಾಂ ಮನೆತನದ ಸಸ್ಯತಜ್ಞರೊಬ್ಬರು ಗ್ರೀಕ್ ಫರ್‌ನ ಪರಾಗವನ್ನು ಪಿನ್ಸಾಪೊದ ಎಳೆಯ ಹೆಣ್ಣು ಶಂಕುಗಳ ಮೇಲೆ ಉದುರಿಸಿದರು. ಕೊನೆಗೆ ಮೊಳೆತದ್ದು ಒಂದೇ ಒಂದು ಬೀಜ. ಆ ಒಂದು ಸಸಿಯನ್ನು ಜೋಪಾನ ಮಾಡಿದರು. ಅದು ದೊಡ್ಡ ಮರವಾಯಿತು. ಎಲೆ ತಾಯಿಮರದ್ದಕ್ಕಿಂತ ಉದ್ದ, ಚಹರೆಯಲ್ಲಿ ಎರಡೂ ಮನೆಯ ಗುರುತು. ಅದರ ಸೊಬಗಿಗಾಗಿ ಉದ್ಯಾನಗಳಲ್ಲಿ ಆ ತಳಿಯನ್ನು ಬೆಳೆಸಿದರು. ಸಸ್ಯಶಾಸ್ತ್ರಜ್ಞರು ಅದರ ಹೆಸರನ್ನು 'ಏಬೀಸ್ × ವಿಲ್ಮೊರಿನಿ' ಎಂದು ಬರೆಯುತ್ತಾರೆ. ನಡುವಿನ ಗುಣಾಕಾರ ಚಿಹ್ನೆ, ಇದು ಎರಡು ಜಾತಿಗಳ ಕೂಸು ಎಂದು ಸಾರುತ್ತದೆ. ಯಾರೂ ಅದನ್ನು ಮುಚ್ಚಿಡುವುದಿಲ್ಲ.

ಪ್ರಿಯರೇ, ತೋಟದಲ್ಲಿ ಬೆರಕೆ ಎಂದರೆ ಬೆಲೆ. ನಮ್ಮ ಮನೆಗಳಲ್ಲಿ ಬೆರಕೆ ಎಂದರೆ ಬೈಗುಳ! ಬೇರೆ ಭಾಷೆಯ, ಬೇರೆ ಜಾತಿಯ ಸೊಸೆ ಬಂದಳೆಂದು ಮಗನೊಡನೆ ಮಾತು ಬಿಟ್ಟ ಮನೆಗಳಿಲ್ಲವೇ? ಹಬ್ಬದ ದಿನವೂ ಮೊಮ್ಮಗುವಿನ ಮುಖ ನೋಡದ ಅಜ್ಜ ಅಜ್ಜಿಯರಿಲ್ಲವೇ?

ಈಗ ವಂಶಾವಳಿಯನ್ನು ಮತ್ತೆ ಕೇಳೋಣ. ಅಲ್ಲಿ ಜೆರಿಕೋ ಪಟ್ಟಣದ ರಾಹಾಬಳಿದ್ದಾಳೆ. ಮೋವಾಬ್ ನಾಡಿನ ರೂತಳಿದ್ದಾಳೆ. ಪರನಾಡಿನಿಂದ ಬಂದ ಆ ಸೊಸೆಯೇ ಅರಸ ದಾವೀದನ ಮುತ್ತಜ್ಜಿ. ಸಂತ ಮತ್ತಾಯನು ಈ ಹೆಸರುಗಳನ್ನು ಮರೆಮಾಚಲಿಲ್ಲ. ದೇವಪುತ್ರರು ಇಂಥ ಮನೆತನದಲ್ಲೇ ಹುಟ್ಟಿಬಂದರು. ಅವರಿಗೆ ಆಗಿಬಂದ ಬೆರಕೆ ನಮಗೇಕೆ ಆಗದು?

ಆದ್ದರಿಂದ ಈ ಹಬ್ಬದಲ್ಲಿ, ಮಾತು ನಿಂತುಹೋದ ಮನೆಗೆ ತಿಂಡಿಯ ತಟ್ಟೆ ಹಿಡಿದು ನಾವೇ ಮೊದಲು ಹೋಗೋಣ. ಕ್ಷಮೆ ಕೇಳಲು ಅವರೇ ಬರಲೆಂದು ಕಾಯುವುದು ಬೇಡ. ಮಗು ಯಾರ ಹಾಗಿದೆ ಎಂದು ಅಳೆಯದೆ ಎತ್ತಿಕೊಳ್ಳೋಣ. ವಿಲ್ಮೊರಾಂ ತೋಟದಲ್ಲಿ ಮೊಳೆತದ್ದೂ ಒಂದೇ ಬೀಜ; ನಮ್ಮ ಮನೆಯಲ್ಲೂ ಒಂದು ಭೇಟಿ ಸಾಕು, ಉಳಿದದ್ದನ್ನು ದೇವರು ಬೆಳೆಸುತ್ತಾರೆ.

ಬಾಲಯೇಸು ನಮ್ಮೆಲ್ಲರ ಕುಟುಂಬಗಳನ್ನು ಹರಸಲಿ. ಆಮೆನ್.