ಆರೋಗ್ಯಶಾಲಾ ನಿರ್ಮಾಣ ವಿಚಾರ



ನಮ್ಮ ನಾಡಿನ ಮಠಗಳಲ್ಲಿ ಅನ್ನದಾನ ವಿದ್ಯಾದಾನಗಳೊಡನೆ ಔಷಧದಾನವೂ ಪೂರ್ವದಿಂದ ನಡೆದುಬಂದಿರುವುದು. ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ 1162ರ ಶಾಸನವು, ಆ ಮಠವು ವೇದಶಾಸ್ತ್ರಗಳ ವ್ಯಾಖ್ಯಾನಕ್ಕೆ ಹೇಗೋ ಹಾಗೆಯೇ ದೀನರಾದ ರೋಗಿಗಳ ಚಿಕಿತ್ಸೆಗೂ ಸ್ಥಾನವಾಗಿದ್ದಿತೆಂದು ಸಾರುವುದು. ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಗಳ ಭಕ್ತರು ಆರೋಗ್ಯಶಾಲೆಯನ್ನು ಕಟ್ಟಿಸಬೇಕೆಂದು ಸಂಕಲ್ಪಿಸಿದರೆ ಅದು ಆ ಪರಂಪರೆಗೆ ತಕ್ಕುದೇ ಸರಿ.

ಆದರೆ ಕಟ್ಟಡವೊಂದೇ ಆರೋಗ್ಯಶಾಲೆಯಾಗದು. ದಾನಿಗಳ ಹೆಸರುಗಳು ಶಿಲಾಫಲಕದಲ್ಲಿ ಮೆರೆದು, ಒಳಗೆ ನೀರೂ ದಾದಿಯರೂ ಇಲ್ಲದೆ ಬೀಗ ಬಿದ್ದಿತೆಂದರೆ, ಆ ದಾನವು ಯಾರನ್ನು ಮುಟ್ಟಿದಂತಾಯಿತು? ನಡುರಾತ್ರಿಯಲ್ಲಿ ಹೆರಿಗೆಯ ನೋವಿನಿಂದ ಬಂದ ತಾಯಿಯು ಆ ಬೀಗವನ್ನು ಕಂಡು ಹಿಂದಿರುಗಿದರೆ, ಕಟ್ಟಿಸಿದವರಿಗೆ ಪುಣ್ಯದ ಮಾತು ಹಾಗಿರಲಿ, ಹೊಣೆಯೇ ತಪ್ಪದು.

ಆದಕಾರಣ ಗುದ್ದಲಿಪೂಜೆಗೆ ಮೊದಲು ಲೆಕ್ಕವಾಗಬೇಕು. ಸುತ್ತಿನ ಗ್ರಾಮಗಳೆಷ್ಟು, ಜನವೆಷ್ಟು, ಯಾವ ರೋಗಗಳು ಹೆಚ್ಚು, ಸರಕಾರದ ಆಸ್ಪತ್ರೆಯಲ್ಲಿ ದೊರೆಯದ ನೆರವು ಯಾವುದು ಎಂಬುದನ್ನು ವಿಚಾರಿಸಬೇಕು. ಬಯಲುಸೀಮೆಯಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನರಿಗೊಂದು ಪ್ರಾಥಮಿಕ ಆರೋಗ್ಯಕೇಂದ್ರವೆಂಬುದು ಸರಕಾರದ ಮಾನವು. ಇದ್ದುದನ್ನೇ ಮರಳಿ ಕಟ್ಟುವುದು ದ್ರವ್ಯನಷ್ಟವು. ಕೊರತೆಯನ್ನು ತುಂಬುವುದೇ ಸೇವೆಯು.

ಎರಡನೆಯದು ಸ್ಥಳವಿಚಾರ. ಅರಸೀಕೆರೆಯದು ಮಳೆ ಕಡಿಮೆಯಾದ ಸೀಮೆ. ಅಲ್ಲಿ ಬೇಸಗೆಯಲ್ಲಿಯೂ ಬತ್ತದ ಶುದ್ಧ ನೀರನ್ನು ಕಂಡುಕೊಂಡೇ ಅಸ್ತಿಭಾರ ಹಾಕಬೇಕು. ಬೇಲೂರು ಮಲೆನಾಡಿನ ಅಂಚು. ಅಲ್ಲಿ ಇಳಿಜಾರಾದ ಮಾಡು, ಎತ್ತರದ ಪಾಯ, ನೀರು ಹರಿದುಹೋಗುವ ಚರಂಡಿಗಳು ಮುಖ್ಯವು. ಹಳೇಬೀಡಿನಲ್ಲಿ ಕೆರೆಯಂಗಳದ ತಗ್ಗನ್ನು ಬಿಡಬೇಕು. 2023ರಲ್ಲಿ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿರುವುದರಿಂದ, ಊರವರೊಡನೆ ಯಾತ್ರಿಕರನ್ನೂ ಎಣಿಸಬೇಕು.

ಮೂರನೆಯದು ನಕ್ಷೆ. ಆಸ್ಪತ್ರೆಗೆ ಗಾಳಿಬೆಳಕುಗಳೇ ಜೀವವೆಂದು ಫ್ಲಾರೆನ್ಸ್ ನೈಟಿಂಗೇಲ್ ಎಂಬ ಮಹನೀಯಳು 1859ರಲ್ಲಿಯೇ ಬರೆದಳು. ನಕ್ಷೆಯನ್ನು ಶಿಲ್ಪಿಯೊಬ್ಬನೇ ಬರೆಯಲಾಗದು. ವೈದ್ಯರನ್ನೂ, ಹಗಲಿರುಳು ರೋಗಿಯ ಬಳಿ ನಿಲ್ಲುವ ದಾದಿಯರನ್ನೂ ಕೇಳಬೇಕು. ಮೈಲಿಗೆ ಬಟ್ಟೆ ಹೋಗುವ ದಾರಿಯು ಶಸ್ತ್ರಚಿಕಿತ್ಸೆಯ ಕೋಣೆಯ ಮುಂದೆ ಹಾಯಬಾರದು. ರೋಗಿಯನ್ನು ಮಲಗಿಸಿ ತರುವ ಮಂಚವು ಬಾಗಿಲಲ್ಲಿ ಸಿಕ್ಕಿಕೊಳ್ಳಬಾರದು. ಕಟ್ಟಿದಮೇಲೆ ಗೋಡೆ ಒಡೆಯುವುದಕ್ಕಿಂತ ಕಾಗದದ ಮೇಲೆ ಗೆರೆ ಅಳಿಸುವುದು ಸುಲಭವು.

ಕಡೆಯದು ಪೋಷಣೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯ ಗೋಪುರವನ್ನು ಗರ್ಭಗೃಹದ ರಕ್ಷಣೆಗಾಗಿ 1879ರಲ್ಲಿ ಇಳಿಸಬೇಕಾಯಿತು. ಕಲ್ಲಿನ ಕಟ್ಟಡಕ್ಕೂ ಕಾಲವು ಬಿಡದು. ಇದನ್ನರಿತೇ ಪೂರ್ವಿಕರು ದತ್ತಿಶಾಸನಗಳಲ್ಲಿ ಪೂಜೆ, ಆಹಾರದಾನಗಳೊಡನೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ ಭೂಮಿಯನ್ನು ಬಿಡುತ್ತಿದ್ದರು. ಹಾಗೆಯೇ ಆರೋಗ್ಯಶಾಲೆಗೂ ಸಂಬಳ, ಔಷಧ, ದುರಸ್ತಿಗಳಿಗೆ ಮೂಲಧನವನ್ನು ಮೊದಲೇ ತೆಗೆದಿರಿಸಬೇಕು. ಅದು ಸಾಲದಿದ್ದರೆ ಹತ್ತು ಹಾಸಿಗೆಗಳಿಂದಲೇ ಆರಂಭಿಸಿ, ಮುಂದೆ ಬೆಳೆಯುವುದಕ್ಕೆ ನಿವೇಶನದಲ್ಲಿ ಎಡೆಬಿಡುವುದು ಲೇಸು.

ದಾನಿಯ ಹೆಸರು ಫಲಕದಲ್ಲಿ ಮಾಸಿದರೂ ಮಾಸಲಿ; ದೀಪವು ಆರದೆ, ಬಾಗಿಲು ಮುಚ್ಚದೆ ಇರಲಿ. ಅದೇ ನಿಜವಾದ ದಾಸೋಹವು. ಸರ್ವರಿಗೂ ಸನ್ಮಂಗಳವಾಗಲಿ.